ಬೀಮ್-ಕಾಲಂ ಜಾಯಿಂಟ್ ವಿನ್ಯಾಸ: ಕಾಲಂ ಅಳತೆಯಿಂದ ಕಾಂಕ್ರೀಟ್ ಸುರಿಯುವವರೆಗೆ

ಯಾವುದೇ ಆರ್‌ಸಿಸಿ ಕಟ್ಟಡದ ನಕ್ಷೆಗಳನ್ನು ಬಿಡಿಸಿ ನೋಡಿ. ಬೀಮ್‌ಗಳಿಗೆ ಒಂದು ಪಟ್ಟಿ, ಕಾಲಂಗಳಿಗೆ ಒಂದು ಪಟ್ಟಿ, ಸ್ಲ್ಯಾಬ್‌ಗೂ ಪಾಯಕ್ಕೂ ಬೇರೆ ಬೇರೆ ಹಾಳೆ. ಬೀಮ್ ಮತ್ತು ಕಾಲಂ ಕೂಡುವ ಜಾಗಕ್ಕೆ ಮಾತ್ರ ಬಹುತೇಕ ಏನೂ ಇರುವುದಿಲ್ಲ. ಇದ್ದರೆ ಮೂಲೆಯಲ್ಲೊಂದು ‘ಮಾದರಿ ವಿವರ’, ಅದೂ ಹಿಂದಿನ ಯಾವುದೋ ಯೋಜನೆಯಿಂದ ಎತ್ತಿಕೊಂಡದ್ದು. ಬೀಮ್ ಲೆಕ್ಕ ಮಾಡಿದವರಿಗೆ ಅದು ಕಾಲಂನ ಪಾಲು, ಕಾಲಂ ಲೆಕ್ಕ ಮಾಡಿದವರಿಗೆ ಬೀಮ್‌ನ ಪಾಲು. ಸೈಟಿನಲ್ಲಿ ಕಬ್ಬಿಣ ಕಟ್ಟುವವರಿಗೆ ಕೈ ತೂರದ ಇಕ್ಕಟ್ಟು. 1999ರ ಇಜ್ಮಿತ್, 2001ರ ಭುಜ್ ಭೂಕಂಪಗಳಲ್ಲಿ ಕುಸಿದ ಕಟ್ಟಡಗಳ ಅವಶೇಷಗಳಲ್ಲಿ ರಿಂಗ್ (ಉದ್ದ ಸರಳುಗಳನ್ನು ಸುತ್ತಿ ಕಟ್ಟುವ ಅಡ್ಡ ಸರಳು) ಇಲ್ಲದ ಜಾಯಿಂಟ್‌ಗಳೂ, ಅಲ್ಲಿಂದ ಕಿತ್ತು ಬಂದ ಬೀಮ್ ಸರಳುಗಳೂ ಕಂಡುಬಂದವು.

ಜಾಯಿಂಟ್ ತಪಾಸಣೆಯನ್ನು ವಿನ್ಯಾಸದ ಕೊನೆಗೆ ಇಟ್ಟುಕೊಂಡರೆ ಅದು ತಪಾಸಣೆಯಾಗಿ ಉಳಿಯುವುದಿಲ್ಲ, ಕಣ್ಣೊರೆಸುವ ಕೆಲಸವಾಗುತ್ತದೆ. ಕಾಲಂ ಅಳತೆ, ಬೀಮ್ ಆಳ, ಸರಳಿನ ವ್ಯಾಸ ಎಲ್ಲವೂ ಆಗಲೇ ನಿಗದಿಯಾಗಿರುತ್ತವೆ. ಜಾಯಿಂಟ್ ಸಾಲದೆ ಬಂದರೆ ಬದಲಿಸಲು ಏನೂ ಉಳಿದಿರುವುದಿಲ್ಲ. ಭೂಕಂಪ ಬಲ ಹೊರುವ ಚೌಕಟ್ಟಿನಲ್ಲಿ ಕಾಲಂ ಅಳತೆಯನ್ನು ನಿರ್ಧರಿಸಬೇಕಾದದ್ದು ಮೇಲಿನ ಭಾರವಲ್ಲ, ಜಾಯಿಂಟ್. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಜೋಡಿಸಿದ್ದೇನೆ. ಲೆಕ್ಕಕ್ಕೆ ಭೂಕಂಪ ತಾಳುವ ಆರ್‌ಸಿಸಿ ಕಟ್ಟಡಗಳ ಭಾರತೀಯ ಸಂಹಿತೆ ಐಎಸ್ 13920ರ 2016ರ ಆವೃತ್ತಿಯನ್ನು ಆಧಾರವಾಗಿ ಹಿಡಿದಿದ್ದೇನೆ. ಬೇಕಾದಲ್ಲಿ ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318ರ ಜೊತೆ ಹೋಲಿಸಿದ್ದೇನೆ. ಅದೇ ಐಎಸ್ 13920ರ 1993ರ ಮೊದಲ ಆವೃತ್ತಿಯಲ್ಲಿ ಜಾಯಿಂಟ್ ಶಿಯರ್ (ಕತ್ತರಿಸುವಂತೆ ಅಡ್ಡಕ್ಕೆ ಜಾರಿಸುವ ಬಲ) ತಪಾಸಣೆಯೇ ಇರಲಿಲ್ಲ. ಹಾಗಾಗಿ ಆ ಕಾಲದ ಲೆಕ್ಕದ ಹಾಳೆಗಳನ್ನು ಇಂದಿಗೂ ನಕಲು ಮಾಡುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೊದಲು: ಜಾಯಿಂಟ್ ಒಳಗೆ ನಡೆಯುವುದೇನು

ಬರೀ ಭಾರ ಹೊತ್ತು ನಿಂತ ಕಟ್ಟಡದಲ್ಲಿ, ನಡುವಿನ ಕಾಲಂನ ಎಡಕ್ಕೂ ಬಲಕ್ಕೂ ಬೀಮ್‌ನ ಮೇಲಿನ ಸರಳುಗಳು ಎಳೆತದಲ್ಲಿರುತ್ತವೆ. ಎಡದ ಎಳೆತವೂ ಬಲದ ಎಳೆತವೂ ಹೆಚ್ಚುಕಡಿಮೆ ಒಂದನ್ನೊಂದು ಸರಿದೂಗಿಸುತ್ತವೆ. ಜಾಯಿಂಟ್‌ಗೆ ದೊಡ್ಡ ಶಿಯರ್ ಬರುವುದಿಲ್ಲ. ಕಟ್ಟಡ ಅಡ್ಡಕ್ಕೆ ಓಲಾಡತೊಡಗಿದರೆ ಚಿತ್ರ ಬದಲಾಗುತ್ತದೆ. ಒಂದು ಬದಿಯ ಬೀಮ್‌ನಲ್ಲಿ ಮೇಲಿನ ಸರಳು ಎಳೆತದಲ್ಲಿದ್ದರೆ ಇನ್ನೊಂದು ಬದಿಯಲ್ಲಿ ಕೆಳಗಿನ ಸರಳು ಎಳೆತಕ್ಕೆ ಹೋಗಿ ಮೇಲ್ಭಾಗ ಒತ್ತಡಕ್ಕೆ ಬರುತ್ತದೆ. ಒಂದು ಕಡೆಯಿಂದ ಎಳೆತ, ಇನ್ನೊಂದು ಕಡೆಯಿಂದ ಒತ್ತಡ, ಎರಡೂ ಒಂದೇ ದಿಕ್ಕಿಗೆ. ಕೆಳ ಅಂಚಿನಲ್ಲಿ ಇದರ ತದ್ವಿರುದ್ಧ. ಹೀಗೆ ಬೀಮ್‌ನ ಆಳದೊಳಗೇ ಬಲ ದಿಕ್ಕು ಬದಲಿಸಬೇಕಾಗುತ್ತದೆ. ಕಾಲಂನ ಉಳಿದ ಉದ್ದದಲ್ಲಿ ಇರುವ ಶಿಯರ್‌ಗಿಂತ ಐದಾರು ಪಟ್ಟು ಅಥವಾ ಇನ್ನೂ ಹೆಚ್ಚಿನ ಶಿಯರ್ ಆ ಅರ್ಧ ಮೀಟರಿನಲ್ಲಿ ಕೂತಿರುತ್ತದೆ.

ಈ ಶಿಯರ್ ಅನ್ನು ಎರಡು ದಾರಿ ಹೊರುತ್ತವೆ. ಒಂದು, ಮೂಲೆಯಿಂದ ಮೂಲೆಗೆ ಹಾಯುವ ಕಾಂಕ್ರೀಟಿನ ಓರೆ ಒತ್ತುಪಟ್ಟಿ. ಎರಡು, ಸರಳುಗಳ ಮೈಮೇಲಿನ ಹಿಡಿತದಿಂದ ಒಳಬರುವ ಬಲವನ್ನು ಅಡ್ಡ ರಿಂಗ್‌ಗಳು, ಕಾಲಂನ ನಡುಸರಳುಗಳು ಮತ್ತು ಅವುಗಳ ನಡುವಿನ ಸಣ್ಣ ಸಣ್ಣ ಓರೆ ಪಟ್ಟಿಗಳು ಟ್ರಸ್‌ನಂತೆ ಹಂಚಿಕೊಳ್ಳುವುದು. ನ್ಯೂಜಿಲೆಂಡಿನ ಪೌಲೆ, ಪಾರ್ಕ್ ಮತ್ತು ಪ್ರೀಸ್ಟ್ಲಿ 1978ರಲ್ಲಿ ಈ ಎರಡು ದಾರಿಗಳ ಚಿತ್ರವನ್ನು ಸ್ಪಷ್ಟವಾಗಿ ಮುಂದಿಟ್ಟರು. ಅದಕ್ಕೂ ಮೊದಲು 1967ರಲ್ಲಿ ಅಮೆರಿಕದಲ್ಲಿ ಹ್ಯಾನ್ಸನ್ ಮತ್ತು ಕಾನರ್ ನಡೆಸಿದ ಪರೀಕ್ಷೆಗಳು ಜಾಯಿಂಟ್ ಒಳಗೆ ರಿಂಗ್ ಬೇಕೇ ಬೇಕು ಎಂಬುದನ್ನು ತೋರಿಸಿದ್ದವು. ಎರಡನೆಯ ದಾರಿ ಎಷ್ಟು ಪಾಲು ಹೊರುತ್ತದೆ ಎಂಬ ಬಗ್ಗೆ ದೇಶದೇಶದ ಸಂಹಿತೆಗಳಿಗೆ ಭಿನ್ನಾಭಿಪ್ರಾಯವಿದೆ. ನ್ಯೂಜಿಲೆಂಡ್ ರಿಂಗ್‌ಗಳಿಗೆ ಹೆಚ್ಚು ಕೆಲಸ ಕೊಡುತ್ತದೆ. ಅಮೆರಿಕ ಮತ್ತು ಭಾರತದ ಸಂಹಿತೆಗಳ ಪ್ರಕಾರ ರಿಂಗ್‌ನ ಮುಖ್ಯ ಕೆಲಸ ತಿರುಳಿನ, ಅಂದರೆ ರಿಂಗ್ ಒಳಗಿನ, ಕಾಂಕ್ರೀಟನ್ನು ಬಿಗಿಯಾಗಿ ಹಿಡಿದಿಡುವುದು. ಶಿಯರ್ ಮಿತಿ ಬರುವುದು ಕಾಂಕ್ರೀಟಿನ ಬಲ ಮತ್ತು ಜಾಯಿಂಟ್‌ನ ವಿಸ್ತೀರ್ಣದಿಂದ. ಇದರ ಪರಿಣಾಮ ಗಮನಿಸಿ: ಶಿಯರ್ ಸಾಲದಿದ್ದರೆ ಇನ್ನೆರಡು ರಿಂಗ್ ಹಾಕಿ ಪಾರಾಗುವ ದಾರಿ ಇಲ್ಲಿಲ್ಲ.

ಹಂತ 1: ಸರಳಿನ ವ್ಯಾಸ ನೋಡಿ ಕಾಲಂ ಅಳತೆ ಹಿಡಿಯಿರಿ

ಕಾಲಂನ ಅಳತೆ, ಅದರೊಳಗೆ ಹಾಯುವ ಅಥವಾ ಅದರಲ್ಲಿ ಊರುವ ಅತಿ ದಪ್ಪ ಬೀಮ್ ಸರಳಿನ ವ್ಯಾಸದ 20 ಪಟ್ಟಿಗಿಂತ ಕಡಿಮೆ ಇರಬಾರದು, 300 ಮಿಮೀಗಿಂತಲೂ ಕಡಿಮೆ ಇರಬಾರದು. 20 ಮಿಮೀ ಸರಳಿಗೆ 400, 25 ಮಿಮೀಗೆ 500. ಇಷ್ಟಕ್ಕೇ ಎಷ್ಟೋ ನಕ್ಷೆಗಳು ಬಿದ್ದುಹೋಗುತ್ತವೆ. ಗೋಡೆಯೊಳಗೆ ಅಡಗಲಿ ಎಂದು ಕಾಲಂ ಅನ್ನು 230 ಮಿಮೀಗೆ ಇಳಿಸಿದರೆ ಆ ದಿಕ್ಕಿನಲ್ಲಿ 12 ಮಿಮೀ ಸರಳೂ ನಿಯಮಕ್ಕೆ ಹೊರಗೆ.

ಈ 20 ಪಟ್ಟು ಎಲ್ಲಿಂದ ಬಂತು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. 450 ಮಿಮೀ ಕಾಲಂನಲ್ಲಿ ಹಾಯುವ 20 ಮಿಮೀ, ಎಫ್ಇ 500 ಸರಳು (ಇಳುವರಿ ಬಲ, ಅಂದರೆ ಸರಳು ಶಾಶ್ವತವಾಗಿ ಹಿಗ್ಗತೊಡಗುವ ಮಟ್ಟ, ಚದರ ಮಿಮೀಗೆ 500 ನ್ಯೂಟನ್) ಒಂದು ಮುಖದಲ್ಲಿ ಇಳುವರಿ ಬಲದ 1.25 ಪಟ್ಟು ಎಳೆತದಲ್ಲಿದೆ, ಇನ್ನೊಂದು ಮುಖದಲ್ಲಿ ಇಳುವರಿ ಬಲದಷ್ಟೇ ಒತ್ತಡದಲ್ಲಿದೆ ಎಂದುಕೊಳ್ಳಿ. ಎಳೆಯುವುದು ಸುಮಾರು 196 ಕಿಲೋನ್ಯೂಟನ್, ತಳ್ಳುವುದು ಸುಮಾರು 157. ಒಟ್ಟು 353 ಕಿಲೋನ್ಯೂಟನ್ ಬಲವನ್ನು 450 ಮಿಮೀ ಉದ್ದದ ಮೈಯ ಹಿಡಿತವೇ ಕಾಂಕ್ರೀಟಿಗೆ ದಾಟಿಸಬೇಕು. ಭಾಗಿಸಿದರೆ ಚದರ ಮಿಮೀಗೆ ಸುಮಾರು 12.5 ನ್ಯೂಟನ್. ಎಂ30 ಕಾಂಕ್ರೀಟಿಗೆ (ಬಲ ಚದರ ಮಿಮೀಗೆ 30 ನ್ಯೂಟನ್) ಉಬ್ಬುಸರಳಿನ ವಿನ್ಯಾಸ ಹಿಡಿತ ಬರೀ 2.4! ಅಂದರೆ 20 ಪಟ್ಟು ಕೊಟ್ಟರೂ ಸರಳು ಜಾರುವುದು ನಿಲ್ಲುವುದಿಲ್ಲ, ಹತೋಟಿಯಲ್ಲಿರುತ್ತದೆ ಅಷ್ಟೇ. ಅದಕ್ಕೇ ಇದನ್ನು ಗುರಿ ಎಂದು ನೋಡದೆ ಕೆಳಮಿತಿ ಎಂದು ನೋಡಬೇಕು. ಇನ್ನೂ ಗಟ್ಟಿ ಸರಳು ಬಳಸಿದಷ್ಟೂ ಬೇಕಾದ ಆಳ ಹೆಚ್ಚುತ್ತದೆ. ಎಸಿಐ 318ರ 2019ರ ಆವೃತ್ತಿ 550 ಮೆಗಾಪಾಸ್ಕಲ್ ದರ್ಜೆಯ ಸರಳಿಗೆ 26 ಪಟ್ಟು ಕೇಳುತ್ತದೆ.

ಎರಡು 25 ಮಿಮೀ ಬದಲು ಮೂರು 20 ಮಿಮೀ, ಮೂರು 20ರ ಬದಲು ಐದು 16 ಎಂದು ಯೋಚಿಸುವ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ, ಹಿಡಿತಕ್ಕೆ ಸಿಗುವ ಮೈ ಹೆಚ್ಚು.

ಹಂತ 2: ಕಾಲಂ ಬೀಮ್‌ಗಿಂತ ಗಟ್ಟಿಯೇ?

ಜಾಯಿಂಟ್‌ನಲ್ಲಿ ಕೂಡುವ ಕಾಲಂಗಳ ಮೊಮೆಂಟ್ (ಬಾಗಿಸುವ ಪರಿಣಾಮ) ಸಾಮರ್ಥ್ಯದ ಮೊತ್ತ, ಬೀಮ್‌ಗಳ ಮೊತ್ತದ 1.4 ಪಟ್ಟಾದರೂ ಇರಬೇಕು. ಎಸಿಐ 1.2 ಎನ್ನುತ್ತದೆ, ಯುರೋಪಿನ ಭೂಕಂಪ ಸಂಹಿತೆ ಯೂರೋಕೋಡ್ 8 ಎನ್ನುವುದು 1.3. ಕಾಲಂ ಸಾಮರ್ಥ್ಯ ಅದರ ಮೇಲಿನ ಭಾರದ ಜೊತೆ ಬದಲಾಗುತ್ತದೆ. ಆದ್ದರಿಂದ ಅದೇ ದಿಕ್ಕಿನ ಓಲಾಟದಲ್ಲಿ ಬರಬಹುದಾದ ಭಾರಗಳ ಪೈಕಿ ಅತಿ ಕಡಿಮೆ ಸಾಮರ್ಥ್ಯ ಕೊಡುವುದನ್ನು ಹಿಡಿಯಿರಿ. ಎರಡು ದಿಕ್ಕು, ದಿಕ್ಕಿಗೆರಡು ಬಗೆಯ ಓಲಾಟ, ಒಟ್ಟು ನಾಲ್ಕು ಸಲ ನೋಡಿ.

ಸ್ಲ್ಯಾಬ್ ಸರಳುಗಳು ಇಲ್ಲಿ ಮರೆತುಹೋಗುವ ಪಾಲುದಾರರು. ಬೀಮ್‌ಗೆ ಸಮಾನಾಂತರವಾಗಿ ಸ್ಲ್ಯಾಬಿನಲ್ಲಿ ಹಾಯುವ ಸರಳುಗಳೂ ಬೀಮ್‌ನ ಮೇಲಿನ ಸರಳುಗಳ ಜೊತೆ ಎಳೆತ ಹಂಚಿಕೊಂಡು ಬೀಮ್‌ನ ನಿಜವಾದ ಬಲವನ್ನು ಏರಿಸುತ್ತವೆ. ಕಾಗದದ ಮೇಲೆ ಕಾಲಂ ಗಟ್ಟಿಯಾಗಿದ್ದು ಕಟ್ಟಡದಲ್ಲಿ ಬೀಮ್ ಗಟ್ಟಿಯಾಗುವುದು ಹೀಗೆ.

ಹಂತ 3: ಜಾಯಿಂಟ್‌ಗೆ ಬರುವ ಶಿಯರ್

ಈಗ ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ನಡುವಿನ ಜಾಯಿಂಟ್. ಕಾಲಂ 450 × 450, ಬೀಮ್ 300 ಅಗಲ × 500 ಆಳ, ಎಂ30 ಕಾಂಕ್ರೀಟ್, ಎಫ್ಇ 500 ಕಬ್ಬಿಣ, ಅಂತಸ್ತಿನ ಎತ್ತರ 3.2 ಮೀಟರ್. ಬೀಮ್ ಮೇಲ್ಗಡೆ 20 ಮಿಮೀಯ 4 ಸರಳು, ಅಂದರೆ 1257 ಚದರ ಮಿಮೀ. ಕೆಳಗಡೆ 20 ಮಿಮೀಯ 3, ಅಂದರೆ 942. 20 ಪಟ್ಟು ವ್ಯಾಸ 400, ಕಾಲಂ 450. ಮೊದಲ ಹಂತ ಸರಿ.

ಎರಡನೆಯ ಹಂತಕ್ಕೆ, ಮೇಲಿನ ಮತ್ತು ಕೆಳಗಿನ ಸರಳುಗಳ ನಡುವಿನ ಅಂತರ 400 ಮಿಮೀ ಎಂದಿಟ್ಟುಕೊಂಡರೆ, 0.87 ಪಟ್ಟು ಇಳುವರಿ ಬಲದಲ್ಲಿ ಬೀಮ್‌ಗಳ ವಿನ್ಯಾಸ ಮೊಮೆಂಟ್ ಒಂದು ಬದಿ 218.7, ಇನ್ನೊಂದು ಬದಿ 163.9, ಕೂಡಿದರೆ 382.6 ಕಿಲೋನ್ಯೂಟನ್-ಮೀಟರ್. ಅದರ 1.4 ಪಟ್ಟು 536. ಮೇಲಿನ ಕಾಲಂ, ಕೆಳಗಿನ ಕಾಲಂ ತಲಾ ಸುಮಾರು 268 ಹೊರಬೇಕು.

ಶಿಯರ್ ಲೆಕ್ಕಕ್ಕೆ 0.87 ಬಳಸಬೇಡಿ. ಅಲ್ಲಿ ನಮಗೆ ಬೇಕಿರುವುದು ಸರಳು ಕನಿಷ್ಠ ಎಷ್ಟು ಕೊಡುತ್ತದೆ ಎಂಬುದಲ್ಲ, ಗರಿಷ್ಠ ಎಷ್ಟು ಎಳೆಯಬಹುದು ಎಂಬುದು. ನಿಜವಾದ ಸರಳಿನ ಇಳುವರಿ ಬಲ ಹೆಸರಿಗಿಂತ ಮೇಲಿರುತ್ತದೆ, ಇಳುವರಿ ದಾಟಿದ ಮೇಲೂ ಬಲ ಏರುತ್ತದೆ. ಆದ್ದರಿಂದ 1.25 ಪಟ್ಟು:

ಮೇಲಿನ ಸರಳುಗಳ ಎಳೆತ = 1.25 × 500 × 1257 = 785.6 ಕಿಲೋನ್ಯೂಟನ್.

ಇನ್ನೊಂದು ಬದಿಯ ಒತ್ತಡ, ಅಲ್ಲಿನ ಕೆಳಸರಳುಗಳ ಎಳೆತಕ್ಕೆ ಸಮ = 1.25 × 500 × 942 = 588.8 ಕಿಲೋನ್ಯೂಟನ್.

ಎರಡೂ ಒಂದೇ ದಿಕ್ಕಿಗೆ, ಒಟ್ಟು 1374 ಕಿಲೋನ್ಯೂಟನ್. ಇದರಿಂದ ಕಾಲಂ ಶಿಯರ್ ಕಳೆಯಬೇಕು. ಬೀಮ್ ಮೊಮೆಂಟ್‌ಗಳು 0.40 ಮೀಟರ್ ಅಂತರದಲ್ಲಿ 314 ಮತ್ತು 235.5, ಮೊತ್ತ ಸುಮಾರು 550. ಅಂತಸ್ತಿನ ಎತ್ತರ 3.2ರಿಂದ ಭಾಗಿಸಿದರೆ ಕಾಲಂ ಶಿಯರ್ 172. ಉಳಿಯುವ ಜಾಯಿಂಟ್ ಶಿಯರ್ ಸುಮಾರು 1203 ಕಿಲೋನ್ಯೂಟನ್. ಕಾಲಂ ಶಿಯರ್‌ನ ಏಳು ಪಟ್ಟು.

ಕಾಲಂ ಶಿಯರ್ ಕಳೆಯುವಾಗ ಉದಾರವಾಗಬೇಡಿ. ಕಳೆದಷ್ಟೂ ಜಾಯಿಂಟ್‌ನ ಹೊರೆ ಕಾಗದದ ಮೇಲೆ ಇಳಿಯುತ್ತದೆ. ಸಾಫ್ಟ್‌ವೇರ್ ವಿಶ್ಲೇಷಣೆಯಲ್ಲಿ ಬಂದ ಕಾಲಂ ಶಿಯರ್ ಅನ್ನು ಇಲ್ಲಿ ತಂದು ಸೇರಿಸುವುದೂ ತಪ್ಪು. ಬೀಮ್ ತನ್ನ ಪೂರ್ಣ ಸಾಮರ್ಥ್ಯಕ್ಕೆ ಹೋದಾಗ ಬರುವ ಶಿಯರ್ ಮಾತ್ರ ಈ ಸಮತೋಲಕ್ಕೆ ಹೊಂದುತ್ತದೆ.

ಹಂತ 4: ಜಾಯಿಂಟ್ ಎಷ್ಟು ಹೊರಬಲ್ಲದು

ಸಾಮರ್ಥ್ಯ = ಗುಣಾಂಕ × √ಕಾಂಕ್ರೀಟ್ ಬಲ × ಪರಿಣಾಮಕಾರಿ ವಿಸ್ತೀರ್ಣ. ಐಎಸ್ 13920ರಲ್ಲಿ ಗುಣಾಂಕ ಹೀಗಿದೆ: ನಾಲ್ಕೂ ಮುಖಗಳಲ್ಲಿ ಬೀಮ್ ಬಿಗಿತವಿದ್ದರೆ 1.5, ಮೂರು ಮುಖಗಳಲ್ಲಿದ್ದರೆ 1.2, ಉಳಿದವಕ್ಕೆ 1.0. ವಿಸ್ತೀರ್ಣದ ಆಳ ಎಂದರೆ ಆ ದಿಕ್ಕಿನಲ್ಲಿ ಕಾಲಂನ ಆಳ. ಅಗಲ ಎಂದರೆ, ಕಾಲಂ ಬೀಮ್‌ಗಿಂತ ಅಗಲವಿದ್ದಾಗ, ಕಾಲಂ ಅಗಲ ಅಥವಾ ಬೀಮ್ ಅಗಲಕ್ಕೆ ಕಾಲಂ ಆಳದ ಅರ್ಧ ಕೂಡಿಸಿದ್ದು, ಇವೆರಡರಲ್ಲಿ ಚಿಕ್ಕದು.

ನಮ್ಮ ಉದಾಹರಣೆಯಲ್ಲಿ 300 + 225 = 525, ಕಾಲಂ 450; ಚಿಕ್ಕದು 450. ವಿಸ್ತೀರ್ಣ 2,02,500 ಚದರ ಮಿಮೀ. √30 ಅಂದರೆ 5.477. ನಾಲ್ಕು ಕಡೆ ಬೀಮ್ ಇದೆ ಎಂದು 1.5 ಹಾಕಿದರೆ 1664 ಕಿಲೋನ್ಯೂಟನ್. ಬೇಕಿರುವುದು 1203. ಪಾಸ್!

ಇಲ್ಲ. ನಾಲ್ಕು ಕಡೆ ಬೀಮ್ ಇದ್ದ ಮಾತ್ರಕ್ಕೆ ನಾಲ್ಕು ಕಡೆ ಬಿಗಿತ ಸಿಗುವುದಿಲ್ಲ. ಬೀಮ್ ಕಾಲಂ ಮುಖದ ಕನಿಷ್ಠ ಮುಕ್ಕಾಲು ಅಗಲ ಮುಚ್ಚಿದ್ದರೆ ಮಾತ್ರ ಆ ಮುಖ ಬಿಗಿಯಾಗಿದೆ ಎಂದು ಎಸಿಐ ಒಪ್ಪುತ್ತದೆ. ರಿಂಗ್‌ಗಳಲ್ಲಿ ರಿಯಾಯಿತಿ ಕೊಡುವಾಗ ಐಎಸ್ 13920 ಕೂಡ ಇದೇ ಮುಕ್ಕಾಲನ್ನು ಕೇಳುತ್ತದೆ. ಶಿಯರ್ ಗುಣಾಂಕಕ್ಕೂ ಇದನ್ನೇ ಅನ್ವಯಿಸುವುದು ಸರಿ ಎಂಬುದು ನನ್ನ ನಿಲುವು. 300 ಭಾಗಿಸು 450, ಮೂರನೇ ಎರಡು ಪಾಲು ಮಾತ್ರ. ಗುಣಾಂಕ 1.0ಕ್ಕೆ ಇಳಿಯುತ್ತದೆ, ಸಾಮರ್ಥ್ಯ 1109. ಬೇಕಾದ 1203ಕ್ಕೆ ಸಾಲದು.

ಈಗ ಏನು ಮಾಡಬಹುದು? ಸಾಲುಸಾಲಾಗಿ ನೋಡೋಣ, ಯಾಕೆಂದರೆ ವಿನ್ಯಾಸ ಅನ್ನುವುದು ನಿಜವಾಗಿ ನಡೆಯುವುದು ಇಲ್ಲೇ.

ಬೀಮ್ ಅಗಲ 350ಕ್ಕೆ ಏರಿಸಿದರೆ 350 ಭಾಗಿಸು 450 ಅಂದರೆ 0.78, ಮುಕ್ಕಾಲು ದಾಟಿತು. ಸರಳು ಅಷ್ಟೇ ಇದ್ದರೆ ಶಿಯರ್ ಅಷ್ಟೇ, ಸಾಮರ್ಥ್ಯ 1664. ಆದರೆ ನಾಲ್ಕೂ ಬೀಮ್‌ಗಳು ಅಗಲವಾಗಬೇಕು. ಒಂದು ಬದಿಯ ಅಡ್ಡಬೀಮ್ 230ರಲ್ಲೇ ಉಳಿದರೆ 1.2ಕ್ಕೆ ಇಳಿದು 1331 ಆಗುತ್ತದೆ, ಅದೂ ಸಾಕು.

ಕಾಲಂ ಅನ್ನು 500 × 500 ಮಾಡಿದರೆ ಗುಣಾಂಕ 1.0ರಲ್ಲೇ 1369 ಸಿಗುತ್ತದೆ. ಸರಳವೂ ಭದ್ರವೂ ಆದ ದಾರಿ. ಹಿಡಿತ, ಕಾಲಂ ಬಲ, ಸರಳು ಊರುವ ಜಾಗ, ಎಲ್ಲವೂ ಒಟ್ಟಿಗೆ ಸುಧಾರಿಸುತ್ತವೆ.

ಬೀಮ್ ಆಳ 600 ಮಾಡಿದರೆ ಲೆಕ್ಕ ಇನ್ನೊಂದು ಕಡೆಯಿಂದ ಬಗೆಹರಿಯುತ್ತದೆ. ಅದೇ ಮೊಮೆಂಟ್‌ಗೆ ಕಬ್ಬಿಣ ಕಡಿಮೆ ಸಾಕು, ಎಳೆತದ ಬಲ ಇಳಿಯುತ್ತದೆ: 550 ಭಾಗಿಸು 0.5 ಅಂದರೆ 1100, ಕಾಲಂ ಶಿಯರ್ 172 ಕಳೆದರೆ 928. ಗುಣಾಂಕ 1.0ರಲ್ಲೇ ನಿಲ್ಲುತ್ತದೆ. ಆಳ ಕಡಿಮೆ ಮಾಡಿ ಕಬ್ಬಿಣ ತುಂಬಿದ ಬೀಮ್ ಜಾಯಿಂಟ್‌ನ ಶತ್ರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕಾಂಕ್ರೀಟ್ ದರ್ಜೆಯನ್ನು ಎಂ40ಕ್ಕೆ ಏರಿಸಿದರೆ 1281 ಬರುತ್ತದೆ. ಕಾಗದದ ಮೇಲೆ ಸುಲಭ, ಸೈಟಿನಲ್ಲಿ ಅತಿ ಅಪಾಯದ ದಾರಿ. ಜಾಯಿಂಟ್‌ಗೆ ಬೀಳುವುದು ಕಾಲಂ ಕಾಂಕ್ರೀಟ್ ಅಲ್ಲ, ಬೀಮ್ ಮತ್ತು ಸ್ಲ್ಯಾಬಿನ ಜೊತೆ ಸುರಿಯುವ ಕಾಂಕ್ರೀಟ್. ಕಾಲಂಗೆ ಎಂ40, ಸ್ಲ್ಯಾಬ್‌ಗೆ ಎಂ25 ಇದ್ದರೆ ಜಾಯಿಂಟ್ ಲೆಕ್ಕಕ್ಕೆ ಹಿಡಿಯಬೇಕಾದದ್ದು ಎಂ25.

ಎಸಿಐ ಸೂತ್ರದ ಗುಣಾಂಕ ಅತಿ ಅನುಕೂಲದ ಜಾಯಿಂಟ್‌ಗೆ 1.7 ಎಂದು ಓದಿ, ಅದನ್ನು ಐಎಸ್ ಲೆಕ್ಕದೊಳಗೆ ತರುವವರಿದ್ದಾರೆ. ಅಲ್ಲಿ ಕಾಂಕ್ರೀಟಿನ ಬಲ ಸಿಲಿಂಡರ್ ಮಾದರಿಯನ್ನು ಒತ್ತಿ ಅಳೆದದ್ದು, ಇಲ್ಲಿ ಕ್ಯೂಬ್ ಮಾದರಿಯನ್ನು ಒತ್ತಿ ಅಳೆದದ್ದು. ಅಲ್ಲಿ ಮೇಲಿಂದ 0.85 ಕಡಿತ ಬೇರೆ. ಎಂ30ರ ಸಿಲಿಂಡರ್ ಬಲ ಸುಮಾರು 24 ಎಂದುಕೊಂಡರೆ ಎಸಿಐ ಕೊಡುವುದು ಚದರ ಮಿಮೀಗೆ 7.1 ನ್ಯೂಟನ್, ಐಎಸ್ ಕೊಡುವುದು 8.2. ಅಂದರೆ ಐಎಸ್ ಮಿತಿಯ ತುದಿಯವರೆಗೂ ಹೋಗದೆ ಸ್ವಲ್ಪ ಉಳಿಸಿಕೊಳ್ಳುವುದು ಜಾಣತನ.

ಇನ್ನೊಂದು ಬಲೆ: ಹೊರಗೋಡೆ ಸಮತಟ್ಟಾಗಿ ಕಾಣಲೆಂದು ಬೀಮ್ ಅನ್ನು ಕಾಲಂನ ಹೊರ ಅಂಚಿಗೆ ತಂದು ಕೂರಿಸುವುದು. ಎಸಿಐ ನಿಯಮದಂತೆ ಅಗಲದ ಲೆಕ್ಕಕ್ಕೆ ಬೀಮ್ ಅಗಲದ ಜೊತೆ, ಬೀಮ್ ಅಂಚಿನಿಂದ ಕಾಲಂ ಅಂಚಿಗಿರುವ ಚಿಕ್ಕ ಅಂತರದ ಎರಡು ಪಟ್ಟು ಮಾತ್ರ ಕೂಡಿಸಬಹುದು. ಅಂಚಿಗೇ ಅಂಟಿದರೆ ಆ ಅಂತರ ಸೊನ್ನೆ, ಅಗಲ 450ರಿಂದ 300ಕ್ಕೆ ಕುಸಿಯುತ್ತದೆ. ಸಾಮರ್ಥ್ಯದ ಮೂರನೇ ಒಂದು ಪಾಲು ಹೋಯಿತು. ಮೇಲೆ ತಿರುಚುವ ಬಲವೂ ಸೇರುತ್ತದೆ.

ಹಂತ 5: ರಿಂಗ್‌ಗಳು

ಕಾಲಂ ತುದಿಗಳಲ್ಲಿ ಹಾಕುವ ವಿಶೇಷ ರಿಂಗ್‌ಗಳು ಜಾಯಿಂಟ್ ಒಳಗೂ ಹಾಗೆಯೇ ಮುಂದುವರಿಯಬೇಕು. ಅಂತರ: ಕಾಲಂನ ಚಿಕ್ಕ ಅಳತೆಯ ಕಾಲುಭಾಗ, ಅತಿ ಸಣ್ಣ ಕಾಲಂ ಸರಳಿನ ವ್ಯಾಸದ 6 ಪಟ್ಟು, 100 ಮಿಮೀ, ಮೂರರಲ್ಲಿ ಚಿಕ್ಕದು. ವಿಸ್ತೀರ್ಣಕ್ಕೆ ಎರಡು ಸೂತ್ರ, ದೊಡ್ಡದನ್ನು ಹಿಡಿಯಬೇಕು. ಮೊದಲನೆಯದು 0.18 × ಅಂತರ × ರಿಂಗ್‌ನ ಉದ್ದ ಬದಿ × (ಕಾಂಕ್ರೀಟ್ ಬಲ ÷ ಕಬ್ಬಿಣದ ಬಲ) × (ಒಟ್ಟು ವಿಸ್ತೀರ್ಣ ÷ ತಿರುಳಿನ ವಿಸ್ತೀರ್ಣ − 1). ಎರಡನೆಯದರಲ್ಲಿ ಕೊನೆಯ ಆವರಣ ಇಲ್ಲ, 0.18ರ ಬದಲು 0.05.

ನಮ್ಮ 450 ಕಾಲಂಗೆ 40 ಮಿಮೀ ಕವರ್ (ರಿಂಗ್‌ನ ಹೊರಗಿನ ಕಾಂಕ್ರೀಟ್ ಪದರ) ಬಿಟ್ಟರೆ ತಿರುಳು 370 × 370. ಬದಿಗೆ ಮೂರು ಸರಳು, ನಡುಸರಳಿಗೆ ಅಡ್ಡಕೊಂಡಿ ಇದ್ದರೆ ಉದ್ದ ಬದಿ 370ರ ಅರ್ಧ, 185. ಒಟ್ಟು ಮತ್ತು ತಿರುಳಿನ ಅನುಪಾತದಿಂದ ಒಂದು ಕಳೆದರೆ 0.479. 100 ಮಿಮೀ ಅಂತರಕ್ಕೆ 95.7 ಚದರ ಮಿಮೀ ಬೇಕು. 10 ಮಿಮೀ ರಿಂಗ್ ಕೊಡುವುದು 78.5 ಮಾತ್ರ. ಅಂತರ 80ಕ್ಕೆ ಇಳಿಸಿದರೆ ಬೇಕಾದದ್ದು 76.6, ಸರಿಹೋಯಿತು. ಜಾಯಿಂಟ್ ಒಳಗೆ ಐದಾರು ಸಾಲು ರಿಂಗ್ ಬರುತ್ತವೆ. ‘8 ಮಿಮೀ, 150ಕ್ಕೊಂದು’ ಎಂದು ಕಣ್ಣುಮುಚ್ಚಿ ಬರೆಯುವ ಸಾಲು ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ.

ನಾಲ್ಕೂ ಕಡೆ ಮುಕ್ಕಾಲು ಅಗಲದ ಬೀಮ್‌ಗಳಿದ್ದರೆ ಜಾಯಿಂಟ್ ಒಳಗಿನ ರಿಂಗ್ ಅನ್ನು ಅರ್ಧಕ್ಕೆ ಇಳಿಸಬಹುದು, ಅಂತರ 150 ಮೀರದಂತೆ. ಬೀಮ್ ಅಗಲ 350 ಮಾಡಿದ್ದರ ಎರಡನೆಯ ಲಾಭ ಇದು. ಹುಕ್ 135 ಡಿಗ್ರಿ ಬಾಗಿರಬೇಕು, ಬಾಗಿದ ಮೇಲೆ ರಿಂಗ್ ವ್ಯಾಸದ 6 ಪಟ್ಟು, ಕನಿಷ್ಠ 65 ಮಿಮೀ ತಿರುಳಿನೊಳಗೆ ಹೋಗಬೇಕು. ಕವರ್ ಉದುರಿದ ಕ್ಷಣ 90 ಡಿಗ್ರಿ ಹುಕ್ ಬಿಚ್ಚಿಕೊಳ್ಳುತ್ತದೆ.

ಕಾಲಂಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ದಪ್ಪ ಸರಳು ಹಾಕುವುದಕ್ಕಿಂತ ಎಂಟು ಸರಳು ಹಂಚುವುದು ಮೇಲು. ಮೊದಲೇ ಹೇಳಿದ ಟ್ರಸ್‌ನ ನಿಂತ ಕೊಂಡಿಗಳು ಈ ನಡುಸರಳುಗಳೇ.

ಹಂತ 6: ಅಂಚಿನ ಜಾಯಿಂಟ್‌ನಲ್ಲಿ ಸರಳು ಊರುವುದು

ಬೀಮ್ ಒಂದು ಕಡೆಯಿಂದ ಬಂದು ನಿಲ್ಲುವ ಜಾಯಿಂಟ್‌ನಲ್ಲಿ ಶಿಯರ್ ಸಾಮಾನ್ಯವಾಗಿ ಸಮಸ್ಯೆಯಲ್ಲ. ಅದೇ ಬೀಮ್‌ಗೆ 785.6ರಿಂದ ಸುಮಾರು 98 ಕಳೆದರೆ 687, ಸಾಮರ್ಥ್ಯ 1109. ಇಲ್ಲಿ ಕೈಕೊಡುವುದು ಸರಳಿನ ಊರುವಿಕೆ.

ನಿಯಮ: ಕಾಲಂನ ಒಳಮುಖದಿಂದ ಆಚೆಗೆ, ಎಳೆತದ ಪೂರ್ಣ ಊರುವ ಉದ್ದ, ಜೊತೆಗೆ ವ್ಯಾಸದ 10 ಪಟ್ಟು, ಅದರಿಂದ ಬಾಗಿಗೆ ಸಿಗುವ ರಿಯಾಯಿತಿ ಕಳೆದು. ಎಂ30, ಎಫ್ಇ 500ಕ್ಕೆ ಪೂರ್ಣ ಉದ್ದ ವ್ಯಾಸದ 45.3 ಪಟ್ಟು. 20 ಮಿಮೀ ಸರಳಿಗೆ 10 ಪಟ್ಟು ಸೇರಿಸಿ 1106 ಮಿಮೀ. 90 ಡಿಗ್ರಿ ಬಾಗಿಗೆ 8 ಪಟ್ಟು, 160 ಕಳೆದರೆ 946. ಕಾಲಂ ಒಳಗೆ ಅಡ್ಡವಾಗಿ ಸಿಗುವುದು ಸುಮಾರು 380. ಉಳಿದ 566 ಮಿಮೀ ಬಾಲವಾಗಿ ಕೆಳಕ್ಕಿಳಿಯಬೇಕು, ಬೀಮ್ ಆಳವೇ 500. ಬಾಲ ಜಾಯಿಂಟ್ ದಾಟಿ ಕೆಳಗಿನ ಕಾಲಂಗೆ ಇಳಿಯುತ್ತದೆ. ಆ ಕಾಲಂ ಕಾಂಕ್ರೀಟ್ ಆಗಲೇ ಗಟ್ಟಿಯಾಗಿರುತ್ತದೆ. ಸೈಟಿನಲ್ಲಿ ಕಟ್ಟರ್ ಕೈಗೆ ಬರುವುದು ಆಗಲೇ.

16 ಮಿಮೀ ಬಳಸಿದರೆ? 885ರಿಂದ 128 ಕಳೆದು 757, ಅಡ್ಡಕ್ಕೆ 380 ಹೋದರೆ ಬಾಲ ಸುಮಾರು 377. ಬೀಮ್ ಆಳದೊಳಗೇ ಮುಗಿಯುತ್ತದೆ. ವ್ಯಾಸದ ಆಯ್ಕೆ ಎಲ್ಲಿ ಆಗಬೇಕಿತ್ತು ಎಂಬುದಕ್ಕೆ ಬೇರೆ ವಾದ ಬೇಡ.

ಬಾಗಿನ ದಿಕ್ಕು ಉದ್ದಕ್ಕಿಂತ ಮುಖ್ಯ. ಮೇಲಿನ ಸರಳು ಕೆಳಕ್ಕೆ, ಕೆಳಗಿನ ಸರಳು ಮೇಲಕ್ಕೆ, ಎರಡೂ ಜಾಯಿಂಟ್‌ನ ತಿರುಳಿನೊಳಗೆ ಬಾಗಬೇಕು. ಓರೆ ಒತ್ತುಪಟ್ಟಿಯ ತುದಿ ಬಂದು ಒರಗುವುದು ಆ ಬಾಗಿನ ಹೊಕ್ಕುಳಿಗೇ. ಕೆಳಗಿನ ಸರಳನ್ನು ನೇರವಾಗಿ ಒಂದು ಗೇಣು ತೂರಿ ಬಿಡುವುದು, ಅಥವಾ ಸುಲಭವೆಂದು ಕೆಳಕ್ಕೇ ಬಾಗಿಸುವುದು, ಭಾರಕ್ಕೆ ಮಾತ್ರ ವಿನ್ಯಾಸ ಮಾಡಿದ ಹಳೆ ಕಟ್ಟಡಗಳ ಅಭ್ಯಾಸ. ಓಲಾಟದಲ್ಲಿ ಕೆಳಸರಳಿಗೂ ಎಳೆತ ಬರುತ್ತದೆ ಎಂಬುದನ್ನು ಅವು ಎಣಿಸಿರಲಿಲ್ಲ. ಬಾಗು ಆದಷ್ಟು ದೂರದ ಮುಖದ ಹತ್ತಿರ ಇರಲಿ, ಹೊರಗಿನ ಕಾಲಂ ಸರಳುಗಳ ಒಳಮಗ್ಗುಲಿಗೆ. ಜಾಯಿಂಟ್ ಒಳಗೆ ಮತ್ತು ಕಾಲಂ ಮುಖದಿಂದ ಬೀಮ್‌ನ ಎರಡು ಪಟ್ಟು ಆಳದವರೆಗೆ ಯಾವ ಸರಳನ್ನೂ ಜೋಡಿಸಬೇಡಿ. ಕಾಲಂ ಸರಳಿನ ಜೋಡಣೆ ಅಂತಸ್ತಿನ ನಡುಭಾಗದಲ್ಲೇ ಆಗಲಿ.

ಚಾವಣಿಯ ಮೂಲೆ ಜಾಯಿಂಟ್ ಬೇರೆಯೇ ಜಾತಿ. ಅಲ್ಲಿ ಮೇಲೆ ಕಾಲಂ ಇಲ್ಲ, ಅದರ ಒತ್ತಡದ ನೆರವೂ ಇಲ್ಲ. ಮೂಲೆ ಮುಚ್ಚುವ ದಿಕ್ಕಿನ ಮೊಮೆಂಟ್‌ಗೆ ಬೀಮ್ ಮೇಲ್ಸರಳು ಮತ್ತು ಕಾಲಂ ಹೊರಸರಳು ಒಂದನ್ನೊಂದು ಹಾದು ಊರಿಕೊಂಡರೆ ಕೆಲಸ ನಡೆಯುತ್ತದೆ. ತೆರೆಯುವ ದಿಕ್ಕಿಗೆ ಒಳಮೂಲೆಯಿಂದ ಬಿರುಕು ಹೊರಟು ಹೊರಮೂಲೆಯ ತುಂಡನ್ನೇ ತಳ್ಳಿಹಾಕಲು ನೋಡುತ್ತದೆ. ರಿಂಗ್‌ಗಳ ಜೊತೆಗೆ ಮೇಲಿಂದ ಮಗುಚಿದ ಯು ಆಕಾರದ ಸರಳುಗಳೂ ಬೇಕು.

ಹಂತ 7: ಕಟ್ಟಲು ಸಾಧ್ಯವೇ ಎಂದು ನಕ್ಷೆಯಲ್ಲೇ ನೋಡಿ

ಒಂದು ಅಂಚಿನ ಜಾಯಿಂಟನ್ನು ನಿಜವಾದ ಅಳತೆಯಲ್ಲಿ, ಸರಳುಗಳಿಗೆ ದಪ್ಪ ಕೊಟ್ಟು, ಮೂರೂ ದಿಕ್ಕಿನಿಂದ ಬಿಡಿಸಿ. ಸರಳನ್ನು ಗೆರೆಯಾಗಿ ಬರೆದಾಗ ಎಲ್ಲವೂ ಹಿಡಿಸುತ್ತದೆ. ಎರಡು ದಿಕ್ಕಿನ ಬೀಮ್‌ಗಳು ಒಂದೇ ಆಳದವಾದರೆ ಮೇಲ್ಸರಳುಗಳು ಡಿಕ್ಕಿ ಹೊಡೆಯುತ್ತವೆ. ಯಾವುದು ಕೆಳಗೆ ಹೋಗಬೇಕು, ಅದರ ಪರಿಣಾಮಕಾರಿ ಆಳ ಎಷ್ಟು ಇಳಿಯುತ್ತದೆ ಎಂಬುದು ನಿಮ್ಮ ತೀರ್ಮಾನವಾಗಿರಲಿ. ಬೀಮ್ ಅಗಲವೂ ಕಾಲಂ ಅಗಲವೂ ಒಂದೇ ಆದರೆ ಬೀಮ್‌ನ ಮೂಲೆ ಸರಳು ನೇರ ಕಾಲಂ ಮೂಲೆ ಸರಳಿಗೆ ಬಡಿಯುತ್ತದೆ. ಬದಿಗೆ 50 ಮಿಮೀ ವ್ಯತ್ಯಾಸವಿದ್ದರೆ ಸರಾಗ. 450 ಕಾಲಂಗೆ 350 ಬೀಮ್ ಹಿತವಾಗುವುದು ಇದಕ್ಕೂ.

ಸರಳುಗಳ ನಡುವಿನ ಸಂದು ಜಲ್ಲಿಯ ಗರಿಷ್ಠ ಗಾತ್ರಕ್ಕಿಂತ ಕನಿಷ್ಠ 5 ಮಿಮೀ ಹೆಚ್ಚಿರಬೇಕು. ಇಕ್ಕಟ್ಟಿನ ಜಾಯಿಂಟ್‌ಗಳಿಗೆ 20 ಮಿಮೀ ಜಲ್ಲಿ ಬಿಟ್ಟು 12 ಮಿಮೀ ಜಲ್ಲಿಯ ಮಿಶ್ರಣ ಬರೆಯಿರಿ, ಸಣ್ಣ ಸೂಜಿಯ ವೈಬ್ರೇಟರ್ ಇಳಿಯಲು ಒಂದು ದಾರಿ ಬಿಡಿ.

ಹಂತ 8: ಸೈಟಿನಲ್ಲಿ

ಜಾಯಿಂಟ್ ರಿಂಗ್ ತಪ್ಪುವುದು ಸೋಮಾರಿತನದಿಂದ ಅಲ್ಲ, ಕ್ರಮದಿಂದ. ಬೀಮ್ ಬುಟ್ಟಿಯನ್ನು ಸೆಂಟ್ರಿಂಗ್ ಮೇಲೆ ಕಟ್ಟಿ ಕೆಳಗಿಳಿಸಿದ ಮೇಲೆ ರಿಂಗ್ ತೂರಿಸಲು ಯಾರಿಂದಲೂ ಆಗುವುದಿಲ್ಲ. ಮೂರು ದಾರಿಗಳಿವೆ. ಬೇಕಾದಷ್ಟು ರಿಂಗ್‌ಗಳನ್ನು ಮೊದಲೇ ಕಾಲಂ ಸರಳುಗಳಿಗೆ ಪೋಣಿಸಿಟ್ಟು, ಬೀಮ್ ಕೆಳಸರಳು ಇಟ್ಟ ಮೇಲೆ ಒಂದೊಂದಾಗಿ ಎತ್ತಿ ಕಟ್ಟುತ್ತಾ ಬಂದು, ಕೊನೆಗೆ ಮೇಲ್ಸರಳು ಹಾಕುವುದು. ಅಥವಾ ರಿಂಗ್‌ಗಳನ್ನು ನಾಲ್ಕು ತೆಳು ಸರಳುಗಳಿಗೆ ನಿಗದಿತ ಅಂತರದಲ್ಲಿ ಕಟ್ಟಿ ಏಣಿಯಂತೆ ಮಾಡಿ, ಬೀಮ್ ಬುಟ್ಟಿಯ ಜೊತೆಗೇ ಇಳಿಸುವುದು. ಅಥವಾ ಯು ಆಕಾರದ ತುಂಡಿಗೆ ಅಡ್ಡಕೊಂಡಿ ಸೇರಿಸುವ ಎರಡು ತುಂಡಿನ ರಿಂಗ್, ಎರಡಕ್ಕೂ 135 ಡಿಗ್ರಿ ಹುಕ್ ಇರುವಂತೆ. ನನ್ನ ಒಲವು ಎರಡನೆಯದಕ್ಕೆ. ಅಂತರ ಕದಲುವುದಿಲ್ಲ, ಎಣಿಸುವುದು ಸುಲಭ. ಯಾವುದೇ ಆಗಲಿ, ಕ್ರಮವನ್ನು ನಕ್ಷೆಯ ಮೇಲೆ ಬರೆಯಿರಿ.

ಬೀಮ್ ಪಕ್ಕದ ಹಲಗೆ ಮುಚ್ಚುವ ಮೊದಲು ತಪಾಸಣೆ ಆಗಬೇಕು. ಮುಚ್ಚಿದ ಮೇಲೆ ಮೇಲಿಂದ ಟಾರ್ಚ್ ಹಾಕಿ ನೋಡಿದರೆ ಕಾಣುವುದು ಮೊದಲ ರಿಂಗ್ ಮಾತ್ರ.

ಕಾಲಂ ಕಾಂಕ್ರೀಟ್ ಬೀಮ್ ತಳದ ಸ್ವಲ್ಪ ಕೆಳಗೆ ನಿಲ್ಲಲಿ. ಮೇಲ್ಮೈ ಕೆತ್ತಿ, ಸಡಿಲ ಹುಡಿ, ಮರದ ಚೂರು, ತಂತಿ ತುಂಡು ತೆಗೆಯಿರಿ. ಕಾಲಂ ಕಾಂಕ್ರೀಟಿನ ಬಲ ಬೀಮ್-ಸ್ಲ್ಯಾಬ್ ಕಾಂಕ್ರೀಟಿನ ಬಲದ 1.4 ಪಟ್ಟು ಮೀರಿದಾಗ ಎಸಿಐ ಸೂಚಿಸುವ ದಾರಿಗಳಲ್ಲಿ ಒಂದು ಹೀಗಿದೆ: ಗಟ್ಟಿ ಕಾಂಕ್ರೀಟನ್ನು ಜಾಯಿಂಟ್‌ನಲ್ಲಿ ಮತ್ತು ಕಾಲಂ ಮುಖದಿಂದ ಸುತ್ತ 600 ಮಿಮೀವರೆಗೆ ಮೊದಲು ಸುರಿದು, ಅದು ಹಸಿಯಿರುವಾಗಲೇ ಸ್ಲ್ಯಾಬಿನ ಕಾಂಕ್ರೀಟನ್ನು ಅದಕ್ಕೆ ಬೆರೆಸುವುದು. ಎರಡು ದರ್ಜೆಯ ಕಾಂಕ್ರೀಟ್ ಒಂದೇ ಹೊತ್ತಿಗೆ ಮೇಲೆ ಬರಬೇಕು, ಯಾವುದು ಎಲ್ಲಿಗೆ ಎಂದು ನಿಂತು ಹೇಳುವವರು ಬೇಕು. ಅದು ಆಗದ ಸೈಟಿನಲ್ಲಿ ಕಾಲಂ, ಬೀಮ್, ಸ್ಲ್ಯಾಬ್ ಮೂರಕ್ಕೂ ಒಂದೇ ದರ್ಜೆ ಬರೆದು ಕಾಲಂ ಅಳತೆಯನ್ನು ಅದಕ್ಕೆ ತಕ್ಕಂತೆ ಹಿಡಿಯುವುದು ಒಳ್ಳೆಯದು.